ಲಾನ್ ರೋಬಾಟ್: ಯಂತ್ರ ಸುಲಭ, ತಂತಿಯೇ ಕಷ್ಟ

ಹುಲ್ಲು ಕತ್ತರಿಸುವ ರೋಬಾಟ್ ಕೊಂಡವರಲ್ಲಿ ಹೆಚ್ಚಿನವರು ಪೆಟ್ಟಿಗೆ ಒಡೆದ ದಿನವೇ ಅದನ್ನು ಅಂಗಳಕ್ಕಿಳಿಸಿ, ಆ್ಯಪ್ ತೆರೆದು, ಅದರ ಓಡಾಟ ನೋಡಿ ಸಂತೋಷಪಡುತ್ತಾರೆ. ಕೆಲವೇ ವಾರಗಳಲ್ಲಿ ಅದು ಗುಲಾಬಿ ಪಾತಿಗೆ ನುಗ್ಗಿದಾಗಲೋ, ಸಂಪಿನ ಮುಚ್ಚಳದ ಅಂಚಿಗೆ ಸಿಕ್ಕಿ ಚಕ್ರ ತಿರುಗಿಸುತ್ತ ನಿಂತಾಗಲೋ ಯಂತ್ರವನ್ನು ಬಯ್ಯಲು ಶುರುಮಾಡುತ್ತಾರೆ. ಬೆಂಗಳೂರಿನ ಹಲವು ಮನೆಗಳಲ್ಲಿ ಈ ಯಂತ್ರಗಳ ಅಳವಡಿಕೆಯನ್ನು ನೋಡಿದ ಮೇಲೆ ಹೇಳುವುದಾದರೆ, ದೋಷ ಬಹುಪಾಲು, ಯಂತ್ರ ಎಲ್ಲೆ ಮೀರದಂತೆ ಅಂಗಳದ ಸುತ್ತ ಎಳೆದ ಗಡಿ ತಂತಿಯಲ್ಲಿರುತ್ತದೆ. ಆದ್ದರಿಂದ ಇಲ್ಲಿ ತಂತಿಯ ಕೆಲಸವನ್ನೇ ವಿಸ್ತಾರವಾಗಿ ಹೇಳಿ, ಉಳಿದುದನ್ನು ಚುಟುಕಾಗಿ ಮುಗಿಸುತ್ತೇನೆ.

ಮೊದಲ ಕೆಲಸ ಅಳತೆ. 30×40ರ ನಿವೇಶನದಲ್ಲಿ ಮನೆ ಕಟ್ಟಿ ಉಳಿದ ಹಸಿರು ಪಟ್ಟಿಗೆ ರೋಬಾಟ್ ಬೇಕಿಲ್ಲ. ಕೈಯಿಂದ ತಳ್ಳುವ ಉರುಳೆ ಯಂತ್ರ ಸಾಕು. 60×40 ಅಥವಾ ಅದಕ್ಕಿಂತ ದೊಡ್ಡ ಜಾಗದಲ್ಲಿ ಹುಲ್ಲು ಒಂದೇ ಕಡೆ ಹರಡಿಕೊಂಡಿದ್ದರೆ ಮಾತ್ರ ಹಣ ಹಾಕುವುದಕ್ಕೆ ಅರ್ಥವಿದೆ. ಪೆಟ್ಟಿಗೆಯ ಮೇಲಿನ ವಿಸ್ತೀರ್ಣ ಚದರ ಮೀಟರಿನಲ್ಲಿರುತ್ತದೆ (ಒಂದು ಚದರ ಮೀಟರ್ ಎಂದರೆ ಸುಮಾರು 10.76 ಚದರ ಅಡಿ). ಅದು ಅಡೆತಡೆಯಿಲ್ಲದ ಸಮತಟ್ಟು ನೆಲದ ಲೆಕ್ಕ. ನಮ್ಮ ಅಂಗಳಗಳಲ್ಲಿ ತೆಂಗಿನ ಮರ, ತುಳಸಿಕಟ್ಟೆ, ಬೋರ್‌ವೆಲ್ ಕೊಳವೆ, ಮಳೆನೀರು ಇಂಗುಗುಂಡಿ ಎಲ್ಲವೂ ಇರುವುದರಿಂದ ನಿಮ್ಮ ಲಾನಿನ ಒಂದೂವರೆ ಪಟ್ಟು ವಿಸ್ತೀರ್ಣಕ್ಕೆ ಹೊಂದುವ ಯಂತ್ರವನ್ನೇ ಆರಿಸಿ. ಮನೆಯ ಪಕ್ಕದ ಓಣಿ ಒಂದು ಮೀಟರಿಗಿಂತ ಕಿರಿದಾಗಿದ್ದರೆ ಅದನ್ನು ಲೆಕ್ಕದಿಂದಲೇ ಬಿಟ್ಟುಬಿಡಿ.

ಉಪಗ್ರಹದ ಸಿಗ್ನಲ್ ಹಿಡಿದು ತಂತಿಯಿಲ್ಲದೆ ನಡೆಯುವ ಆರ್‌ಟಿಕೆ ಯಂತ್ರಗಳಿರುವಾಗ ತಂತಿಯ ಗೋಜೇಕೆ ಎಂದು ಅಂಗಡಿಯವರು ಹೇಳುವುದುಂಟು. ಆ ಯಂತ್ರಗಳಿಗೆ ತೆರೆದ ಆಕಾಶ ಬೇಕು. ದೇವನಹಳ್ಳಿ ಕಡೆಯ ವಿಶಾಲ ವಿಲ್ಲಾ ಬಡಾವಣೆಗಳಲ್ಲಿ ಅವು ಚೆನ್ನಾಗಿಯೇ ಕೆಲಸ ಮಾಡಬಹುದು. ಆದರೆ ಎರಡೂ ಬದಿಗೆ ಮೂರಂತಸ್ತಿನ ಮನೆಗಳು ಎದ್ದಿರುವ, ಮಾವು-ಹಲಸಿನ ಮರಗಳು ಮೇಲೆ ಚಪ್ಪರ ಹಾಕಿರುವ ಮಲ್ಲೇಶ್ವರ, ಜಯನಗರಗಳ ಹಳೆಯ ಅಂಗಳಗಳಲ್ಲಿ ಸಿಗ್ನಲ್ ಪದೇಪದೇ ತಪ್ಪಿ ಯಂತ್ರ ನಿಂತಲ್ಲೇ ನಿಲ್ಲುತ್ತದೆ. ಅಂಥ ಕಡೆ ನನ್ನ ಸಲಹೆ ತಂತಿಯ ಯಂತ್ರವೇ.

ನೆಲದ ಸಿದ್ಧತೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕಲ್ಲು, ತೆಂಗಿನ ಗರಿ, ಮಕ್ಕಳ ಆಟಿಕೆಗಳನ್ನು ತೆಗೆಯಿರಿ, ಗುಂಡಿಗಳಿಗೆ ಮಣ್ಣು ತುಂಬಿ, ಸಾಮಾನ್ಯ ಯಂತ್ರದಿಂದ ಹುಲ್ಲನ್ನು ಒಮ್ಮೆ ಐದು ಸೆಂ.ಮೀ. ಎತ್ತರಕ್ಕೆ ಕತ್ತರಿಸಿ. ರೋಬಾಟ್ ದಿನವೂ ತುಸುತುಸುವೇ ಕತ್ತರಿಸಲು ಮಾಡಿದ ಯಂತ್ರ. ಮೊಣಕಾಲೆತ್ತರದ ಹುಲ್ಲಿಗೆ ಅದನ್ನು ಬಿಡುವುದು ಅನ್ಯಾಯ.

ಚಾರ್ಜಿಂಗ್ ಸ್ಟೇಷನ್ನಿಗೆ ಸಮತಟ್ಟಾದ, ನೀರು ನಿಲ್ಲದ, ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳದ ಜಾಗ ಬೇಕು. ಎದುರಿಗೆ ಎರಡು ಮೀಟರಾದರೂ ನೇರವಾದ ಖಾಲಿ ಜಾಗ ಬಿಡಿ, ಇಲ್ಲದಿದ್ದರೆ ಯಂತ್ರ ಓರೆಯಾಗಿ ಬಂದು ಪ್ಲಗ್ಗಿಗೆ ಸೇರದೆ ಒದ್ದಾಡುತ್ತದೆ. ಸಂಪಿನ ಮೇಲಿನ ಕಾಂಕ್ರೀಟ್ ಚಪ್ಪಡಿ ಸಮತಟ್ಟಾಗಿದೆಯೆಂದು ಅಲ್ಲಿಡಲು ಎಲ್ಲರಿಗೂ ಆಸೆ. ಅದರೊಳಗಿನ ಕಬ್ಬಿಣದ ಸರಳುಗಳು ಸಿಗ್ನಲನ್ನು ಕದಡಬಲ್ಲವಾದ್ದರಿಂದ ಅದು ಬೇಡ. ಅಡಾಪ್ಟರನ್ನು ಸೂರಿನ ಕೆಳಗೆ, ನೆಲದಿಂದ ಎತ್ತರದಲ್ಲಿ ಗೋಡೆಗೆ ಕೂರಿಸಿ. ಆ ಸಾಕೆಟ್ಟಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕರೆಂಟ್ ಕಡಿಯುವ ಸ್ವಿಚ್) ಇರಲೇಬೇಕು. ಕರೆಂಟ್ ಹೋದರೆ ಗಡಿ ತಂತಿಯ ಸಿಗ್ನಲ್ಲೂ ಹೋಗಿ ಯಂತ್ರ ಹುಲ್ಲಿನ ನಡುವೆ ನಿಂತುಬಿಡುತ್ತದೆ. ಮನೆಯಲ್ಲಿ ಸೈನ್ ವೇವ್ ಯುಪಿಎಸ್ ಇದ್ದರೆ ಈ ಸಾಕೆಟ್ಟನ್ನು ಅದಕ್ಕೆ ಸೇರಿಸಿಕೊಳ್ಳುವುದು ಒಳ್ಳೆಯದು.

ಈಗ ತಂತಿ. ಸ್ಟೇಷನ್ನಿನಿಂದ ಹೊರಟು ಲಾನನ್ನು ಸುತ್ತಿ ಮತ್ತೆ ಸ್ಟೇಷನ್ನಿಗೇ ಬಂದು ಸೇರುವ ಈ ಒಂದೇ ಎಳೆಯಲ್ಲಿ ಬಲು ಕ್ಷೀಣವಾದ ವಿದ್ಯುತ್ ಮಿಡಿತ ಹರಿಯುತ್ತದೆ. ಅದರಿಂದ ಹುಟ್ಟುವ ಕಾಂತಕ್ಷೇತ್ರದ ದಿಕ್ಕು ತಂತಿಯ ಒಳಬದಿಗೆ ಒಂದು ರೀತಿ, ಹೊರಬದಿಗೆ ಅದಕ್ಕೆ ವಿರುದ್ಧ. ಯಂತ್ರದ ಮೂತಿಯಲ್ಲಿರುವ ಸಂವೇದಕ ಈ ವ್ಯತ್ಯಾಸವನ್ನು ಗ್ರಹಿಸಿ ಹಿಂದಿರುಗುತ್ತದೆ. ಇಷ್ಟು ತಿಳಿದುಕೊಂಡರೆ ಮುಂದಿನ ನಿಯಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ತಂತಿಯನ್ನು ಗೋಡೆಗೆ ಅಂಟಿಸಿ ಎಳೆಯುವುದು ಸಾಮಾನ್ಯ ತಪ್ಪು. ಯಂತ್ರ ತಂತಿಯನ್ನು ತುಸು ದಾಟಿಯೇ ತಿರುಗುವುದರಿಂದ ಕಾಂಪೌಂಡ್ ಗೋಡೆಯಿಂದ ಸುಮಾರು 35 ಸೆಂ.ಮೀ., ಹುಲ್ಲಿನ ಮಟ್ಟಕ್ಕೇ ಇರುವ ಕಲ್ಲುಹಾಸಿನಿಂದ ಸುಮಾರು 10 ಸೆಂ.ಮೀ. ಒಳಗೆ ತಂತಿ ಇರಬೇಕು; ನಿಮ್ಮ ಯಂತ್ರದ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ. ಗೋಡೆಯ ಬುಡದಲ್ಲಿ ಉಳಿಯುವ ಹುಲ್ಲಿನ ಪಟ್ಟಿಯನ್ನು ಕೈಯಿಂದ ಕತ್ತರಿಸುವ ಕಾಟ ಬೇಡವೆಂದರೆ ಅಲ್ಲಿ ಒಂದು ಸಾಲು ಕಡಪಾ ಕಲ್ಲನ್ನು ನೆಲಮಟ್ಟಕ್ಕೆ ಕೂರಿಸಿಬಿಡಿ. ಖರ್ಚು ಸ್ವಲ್ಪ ಹೆಚ್ಚಾದರೂ ಇದನ್ನು ಮಾಡಿಸಿಯೇ ತಂತಿ ಎಳೆಯಿರಿ ಎಂಬುದು ನನ್ನ ಹಟ.

ಗೂಟಗಳನ್ನು 75 ಸೆಂ.ಮೀ.ಗೆ ಒಂದರಂತೆ, ತಿರುವಿನಲ್ಲಿ ಇನ್ನೂ ಒತ್ತಾಗಿ ಹೊಡೆದು, ಯಂತ್ರದ ಬ್ಲೇಡಿಗೆ ಸಿಗದಂತೆ ತಂತಿಯನ್ನು ನೆಲಕ್ಕೆ ಬಿಗಿಯಾಗಿ ಒತ್ತಿಸಬೇಕು. ಬೇಸಿಗೆಯಲ್ಲಿ ನಮ್ಮ ಕೆಂಪು ಮಣ್ಣು ಗಟ್ಟಿಯಾಗಿ, ಯಂತ್ರದ ಜೊತೆ ಬರುವ ಪ್ಲಾಸ್ಟಿಕ್ ಗೂಟಗಳು ಪಟಪಟನೆ ಮುರಿಯುತ್ತವೆ. ಹಿಂದಿನ ಸಂಜೆ ನೆಲ ನೆನೆಸಿಡಿ, ಆದರೆ ಕಾವೇರಿ ನೀರಿನಿಂದಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿದ್ದು ನೆನಪಿರಲಿ. ಆರ್‌ಒ ಯಂತ್ರ ಹೊರಹಾಕುವ ನೀರು ಈ ಕೆಲಸಕ್ಕೆ ಸಾಕು. ಮೂಲೆಗಳಲ್ಲಿ ತಂತಿಯನ್ನು ಚೂಪಾಗಿ ಮಡಚದೆ ಬಾಗಿಸಿ ತಿರುಗಿಸಿ.

ಹೆಚ್ಚಿನವರು ಎಡವುವುದು ಲಾನಿನ ನಡುವಿನ ಅಡ್ಡಿಗಳಲ್ಲಿ. ಎಲ್ಲ ಅಡ್ಡಿಗೂ ತಂತಿ ಸುತ್ತಬೇಕಿಲ್ಲ. ತುಳಸಿಕಟ್ಟೆ, ತೆಂಗಿನ ಬೊಡ್ಡೆಯಂಥ ಗಟ್ಟಿಯಾದ, ಗೇಣೆತ್ತರಕ್ಕಿಂತ ಮೇಲಿರುವ ವಸ್ತುವಿಗೆ ಯಂತ್ರ ಮೆಲ್ಲಗೆ ತಾಗಿ ತಾನೇ ತಿರುಗಿಕೊಳ್ಳುತ್ತದೆ. ತಂತಿ ಬೇಕಾದದ್ದು ಹೂವಿನ ಪಾತಿಗೆ, ಜಲ್ಲಿ ತುಂಬಿದ ಇಂಗುಗುಂಡಿಗೆ, ನೆಲದಿಂದ ಒಂದೆರಡು ಅಂಗುಲ ಎದ್ದಿರುವ ಸಂಪಿನ ಮುಚ್ಚಳಕ್ಕೆ, ಯಂತ್ರ ಹತ್ತಿ ಕುಳಿತುಬಿಡಬಹುದಾದ ಮಾವಿನ ಬೇರುಗಳಿಗೆ.

ಇವನ್ನು ಸುತ್ತುವ ಕ್ರಮ ಹೀಗೆ. ಲಾನನ್ನು ಪ್ರದಕ್ಷಿಣವಾಗಿ ಸುತ್ತುತ್ತ ತಂತಿ ಎಳೆಯುತ್ತಿರುವಾಗ ಹುಲ್ಲು ಸದಾ ನಿಮ್ಮ ಬಲಗೈ ಕಡೆಗಿರುತ್ತದೆ. ಪಾತಿಯ ನೇರಕ್ಕೆ ಬಂದಾಗ ತಂತಿಯನ್ನು ಕತ್ತರಿಸದೆ ಗಡಿಯಿಂದ ಒಳಕ್ಕೆ ತಿರುಗಿಸಿ ಪಾತಿಯವರೆಗೆ ಒಯ್ಯಿರಿ. ಅಲ್ಲಿಯೂ ಹುಲ್ಲು ಬಲಕ್ಕೇ ಇರುವಂತೆ, ಅಂದರೆ ಪಾತಿಯನ್ನು ಅಪ್ರದಕ್ಷಿಣವಾಗಿ ಸುತ್ತಿ, ಹೋದ ದಾರಿಯಲ್ಲೇ ಗಡಿಗೆ ಹಿಂದಿರುಗಿ. ಹೋಗುವ ಎಳೆ, ಬರುವ ಎಳೆ ಎರಡೂ ಒಂದಕ್ಕೊಂದು ಒತ್ತಿಕೊಂಡು ಒಂದೇ ಗೂಟದ ಕೆಳಗಿರಬೇಕು. ಎರಡರಲ್ಲೂ ವಿದ್ಯುತ್ ವಿರುದ್ಧ ದಿಕ್ಕಿಗೆ ಹರಿಯುವುದರಿಂದ ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಅಳಿಸಿಹಾಕಿ, ಯಂತ್ರ ಆ ಜೋಡಿ ತಂತಿಯನ್ನು ಗಮನಿಸದೆ ದಾಟುತ್ತದೆ. ನಡುವೆ ಅಂಗೈಯಗಲ ಜಾಗ ಬಿಟ್ಟರೂ ಅದು ಗಡಿಯೆಂದೇ ತಿಳಿದು ತಿರುಗಿಬಿಡುತ್ತದೆ, ಲಾನಿನ ಅರ್ಧ ಭಾಗಕ್ಕೆ ಎಂದೂ ಕಾಲಿಡುವುದಿಲ್ಲ. ಎಲ್ಲಿಯಾದರೂ ತಂತಿ ತನ್ನನ್ನೇ ದಾಟಿ ಅಡ್ಡಹಾದಿದ್ದರೆ ಪಾತಿಯನ್ನು ತಪ್ಪು ದಿಕ್ಕಿಗೆ ಸುತ್ತಿದ್ದೀರಿ ಎಂದೇ ಅರ್ಥ. ಬಿಚ್ಚಿ ಮತ್ತೆ ಸುತ್ತಿ. ಕೆಲವು ತಯಾರಿಕೆಗಳಲ್ಲಿ ಈ ಎರಡು ಎಳೆಗಳ ನಡುವೆ ಅಂತರ ಬಿಡಲು ಸೂಚಿಸಿರುವುದರಿಂದ ಕೈಪಿಡಿಯ ಈ ಪುಟವನ್ನು ಮಾತ್ರ ತಪ್ಪದೆ ಓದಿ.

ತಂತಿ ಮಿಕ್ಕರೆ ಸುರುಳಿ ಸುತ್ತಿ ಸ್ಟೇಷನ್ನಿನ ಹಿಂದೆ ಬಚ್ಚಿಡಬೇಡಿ, ಸುರುಳಿಯೂ ಸಿಗ್ನಲನ್ನು ಕೆಡಿಸುತ್ತದೆ, ಕತ್ತರಿಸಿ ತೆಗೆದಿಡಿ. ಕಡಿಮೆ ಬಿದ್ದರೆ ಜೋಡಣೆಗೆ ಜೆಲ್ ತುಂಬಿದ ಕನೆಕ್ಟರನ್ನೇ ಬಳಸಿ. ನಮ್ಮ ಎಲೆಕ್ಟ್ರಿಷಿಯನ್‌ಗಳು ತಂತಿಗಳನ್ನು ಹೊಸೆದು ಕಪ್ಪು ಟೇಪ್ ಸುತ್ತಿ ‘ಏನೂ ಆಗಲ್ಲ ಸಾರ್’ ಎನ್ನುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಟೇಪಿನೊಳಗೆ ತಾಮ್ರ ಹಸಿರುಗಟ್ಟಿ, ಎಲ್ಲಿ ತುಂಡಾಗಿದೆಯೆಂದು ಹುಡುಕುತ್ತ ಇಡೀ ಅಂಗಳವನ್ನು ಅಗೆಯಬೇಕಾಗುತ್ತದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟ ತಂತಿಯನ್ನಂತೂ ಮುಟ್ಟಲೇಬೇಡಿ. ಹೆಗ್ಗಣಗಳ ಕಾಟವಿರುವ ಮನೆಗಳಲ್ಲಿ 2.7 ಮಿ.ಮೀ. ದಪ್ಪದ ಸಾಧಾರಣ ತಂತಿಯ ಬದಲು 3.4 ಮಿ.ಮೀ. ದಪ್ಪದ್ದನ್ನು ತರಿಸಿ.

ಎಲ್ಲ ಎಳೆದ ಮೇಲೆ ಸ್ಟೇಷನ್ನಿಗೆ ಸೇರಿಸುವ ಮೊದಲು ಎರಡು ತುದಿಗಳಿಗೆ ಮಲ್ಟಿಮೀಟರ್ ಹಿಡಿದು ತಂತಿ ಅಖಂಡವಾಗಿದೆಯೇ ನೋಡಿ, ಅನಂತರ ಯಂತ್ರವನ್ನು ಬಿಟ್ಟು ಮೊದಲ ಸುತ್ತಿನಲ್ಲಿ ಅದರ ಹಿಂದೆಯೇ ನಡೆಯಿರಿ. ಕತ್ತರಿಸುವ ಎತ್ತರವನ್ನು ಮೊದಲು ಅತಿ ಹೆಚ್ಚಿಗೆ ಇಟ್ಟು, ದಿನ ಕಳೆದಂತೆ ಇಳಿಸಿ. ಇಲ್ಲಿ ಹೆಚ್ಚಾಗಿ ಹಾಸುವ ಮೆಕ್ಸಿಕನ್ ಹುಲ್ಲಿಗೆ 30ರಿಂದ 40 ಮಿ.ಮೀ. ಸರಿಯಾದೀತು. ಕತ್ತರಿಸಿದ ಚೂರುಗಳು ಅಲ್ಲೇ ಬಿದ್ದು ಗೊಬ್ಬರವಾಗುತ್ತವೆ, ಗುಡಿಸಬೇಡಿ.

ವೇಳಾಪಟ್ಟಿಯನ್ನು ಹತ್ತೂವರೆಯಿಂದ ಮಧ್ಯಾಹ್ನದೊಳಗೆ ಇಟ್ಟುಕೊಳ್ಳಿ. ಆ ಹೊತ್ತಿಗೆ ಚಳಿಗಾಲದ ಇಬ್ಬನಿ ಆರಿರುತ್ತದೆ, ಮೇ ತಿಂಗಳಲ್ಲಿಯೂ ಸೆಪ್ಟೆಂಬರ್-ಅಕ್ಟೋಬರಿನಲ್ಲಿಯೂ ಸಂಜೆ ಸುರಿಯುವ ಮಳೆ ಇನ್ನೂ ಬಂದಿರುವುದಿಲ್ಲ; ಒದ್ದೆ ಕೆಂಪು ಮಣ್ಣಿನಲ್ಲಿ ಚಕ್ರಗಳು ಜಾರಿ ಲಾನನ್ನು ಕಿತ್ತುಹಾಕುತ್ತವೆ. ಸದ್ದಿಲ್ಲದ ಯಂತ್ರವೆಂದು ರಾತ್ರಿ ಓಡಿಸುವುದು ಬೇಡ, ಕಪ್ಪೆಗಳು ಹೊರಬರುವ ಹೊತ್ತು ಅದು. ಬರಿಗಾಲಿನ ಮಕ್ಕಳು, ಸಾಕುನಾಯಿ ಅಂಗಳದಲ್ಲಿರುವಾಗ ಯಂತ್ರ ಸ್ಟೇಷನ್ನಿನಲ್ಲೇ ಇರಲಿ. ಏಪ್ರಿಲ್-ಮೇ ತಿಂಗಳ ಗುಡುಗು-ಸಿಡಿಲಿನ ಸಂಜೆಗಳಲ್ಲಿ ಅಡಾಪ್ಟರಿನ ಪ್ಲಗ್ಗನ್ನೂ ಗಡಿ ತಂತಿಯ ತುದಿಗಳನ್ನೂ ಕಳಚಿಡಿ. ಬ್ಲೇಡುಗಳು ಚಿಕ್ಕವಾದರೂ ಕ್ಷೌರದ ಅಲಗಿನಷ್ಟು ಹರಿತ; ಯಂತ್ರದ ಮುಖ್ಯ ಸ್ವಿಚ್ ಆರಿಸಿ, ಕೈಗವಸು ತೊಟ್ಟು ಒಂದೆರಡು ತಿಂಗಳಿಗೊಮ್ಮೆ ಬದಲಿಸಿ. ಕೊಳ್ಳುವಾಗಲೇ ಬ್ಲೇಡು ಈ ಊರಿನಲ್ಲಿ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ.

ತಂತಿಯನ್ನು ಮೊದಲ ದಿನವೇ ಹೂಳಲು ಮಾಲಿ ಒತ್ತಾಯಿಸಿದರೆ ಒಪ್ಪಬೇಡಿ. ಒಂದು ತಿಂಗಳು ಅದು ಮೇಲೆಯೇ ಇರಲಿ. ಎಲ್ಲೆಲ್ಲಿ ಯಂತ್ರ ಸಿಕ್ಕಿಕೊಳ್ಳುತ್ತದೆ, ಎಲ್ಲೆಲ್ಲಿ ಹುಲ್ಲು ಉಳಿಯುತ್ತದೆ ಎಂಬುದನ್ನು ನೋಡಿ ಗೂಟ ಕಿತ್ತು ತಂತಿಯನ್ನು ಸರಿಸುವ ಅವಕಾಶ ಬೇಕು. ಅಷ್ಟರಲ್ಲಿ ಹುಲ್ಲೇ ಬೆಳೆದು ತಂತಿಯನ್ನು ಮುಚ್ಚಿದರೆ ಹೂಳುವ ಕೆಲಸವೇ ತಪ್ಪುತ್ತದೆ. ಮುಚ್ಚದಿದ್ದರೆ ಮೂರರಿಂದ ಐದು ಸೆಂ.ಮೀ. ಆಳ ಸಾಕು. ತಂತಿ ಹಾದುಹೋದ ದಾರಿಯನ್ನು, ಅದರಲ್ಲಿಯೂ ಪಾತಿಗಳಿಗೆ ಹೋದ ಜೋಡಿ ಎಳೆಗಳನ್ನು ಮತ್ತು ಜೋಡಣೆಯ ಜಾಗಗಳನ್ನು ಒಂದು ಹಾಳೆಯಲ್ಲಿ ಬರೆದು ಮೀಟರ್ ಪೆಟ್ಟಿಗೆಯೊಳಗೆ ಅಂಟಿಸಿ, ಮಾಲಿಗೆ ಗುದ್ದಲಿ ಕೊಡುವ ಮೊದಲು ತೋರಿಸಿ. ಜೊತೆಗೆ ನಾಲ್ಕು ಜೆಲ್ ಕನೆಕ್ಟರುಗಳನ್ನೂ ಅಲ್ಲಿಯೇ ಇಟ್ಟಿರಿ.