ಮಳೆಗಾಲದಲ್ಲಿ ಜೋಡಣೆ, ಚಳಿಗಾಲದಲ್ಲಿ ಬಣ್ಣ: ಮುಂಬಯಿಯಲ್ಲಿ ಪ್ಲಾಸ್ಟಿಕ್ ವಿಮಾನದ ಕಿಟ್ ಕಟ್ಟುವ ಕ್ರಮ

ಮುಂಬಯಿಯಲ್ಲಿ ಪ್ಲಾಸ್ಟಿಕ್ ಕಿಟ್, ಅಂದರೆ ಬಿಡಿಭಾಗಗಳನ್ನು ಜೋಡಿಸಿ ಮಾಡುವ ಮಾದರಿ ವಿಮಾನ, ಕಟ್ಟಲು ಹೊರಟವರು ಪೆಟ್ಟಿಗೆಯೊಳಗಿನ ಸೂಚನಾಪತ್ರವನ್ನು ಬಿಡಿಸುವ ಮೊದಲು ಗೋಡೆಯ ಕ್ಯಾಲೆಂಡರನ್ನು ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ, ಒಗೆದು ಹಾಕಿದ ಬಟ್ಟೆಯೇ ಎರಡು ದಿನವಾದರೂ ಒಣಗದ ಮನೆಯಲ್ಲಿ, ಬಣ್ಣ ಮಾತ್ರ ಸರಿಯಾಗಿ ಒಣಗೀತೆಂದು ನಂಬಿ ಕೂರುವಂತಿಲ್ಲ. ಡೊಂಬಿವಲಿಯ ಪುಟ್ಟ ಫ್ಲ್ಯಾಟಿನಲ್ಲಿ ಹಲವು ವರ್ಷ ಈ ಕೆಲಸ ಮಾಡಿದ ಮೇಲೆ ನಾನು ನೆಚ್ಚಿಕೊಂಡಿರುವ ಕ್ರಮ ಇಷ್ಟೆ: ಕತ್ತರಿಸುವುದು, ಅಂಟಿಸುವುದು, ಉಜ್ಜುವುದು ಮಳೆಗಾಲಕ್ಕೆ, ಬಣ್ಣ, ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿಹ್ನೆಗಳು), ವಾರ್ನಿಷ್ ನವೆಂಬರ್‌ನಿಂದ ಫೆಬ್ರವರಿಯ ತನಕ.

ಮೊದಲ ಕಿಟ್ಟಿಗೆ 1:72 ಅಳತೆಯ ಒಂದು ಸಣ್ಣ ಜೆಟ್ ವಿಮಾನವನ್ನು ಆರಿಸಿಕೊಳ್ಳಿ. ಈ ಅಳತೆಯಲ್ಲಿ ಆರಡಿ ಎತ್ತರದ ಮನುಷ್ಯ ಸರಿಯಾಗಿ ಒಂದು ಅಂಗುಲವಾಗುತ್ತಾನೆ, ಆದ್ದರಿಂದ ಲೆಕ್ಕ ಮಾಡುವುದು ಸುಲಭ, ಇಡುವುದಕ್ಕೆ ಜಾಗವೂ ಕಡಿಮೆ ಸಾಕು. ನಾನು ಇಲ್ಲಿ ಉದಾಹರಣೆಯಾಗಿ ಹಿಡಿಯುವುದು ಹಾಕರ್ ಸೀ ಹಾಕ್ ವಿಮಾನವನ್ನು. 1971ರ ಡಿಸೆಂಬರಿನಲ್ಲಿ ಹಳೆಯ ವಿಕ್ರಾಂತ್ ವಿಮಾನವಾಹಕ ನೌಕೆಯಿಂದ ಹಾರಿ ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಮೇಲೆ ದಾಳಿ ಮಾಡಿದ ವಿಮಾನಗಳು ಇವು. 1997ರಲ್ಲಿ ಸೇವೆಯಿಂದ ನಿವೃತ್ತವಾದ ವಿಕ್ರಾಂತ್ 2012ರ ತನಕ ನಮ್ಮ ಮುಂಬಯಿಯಲ್ಲೇ ವಸ್ತುಸಂಗ್ರಹಾಲಯವಾಗಿ ನಿಂತಿತ್ತು. ಆ ಹಡಗಿನ ಡೆಕ್ಕಿನ ಮೇಲೆ ನಡೆದಾಡಿದ ನೆನಪು ಈ ಊರಿನ ಅನೇಕ ಕನ್ನಡಿಗರಿಗೆ ಇದೆ. ಹಡಗು ಈಗ ಇಲ್ಲ. ಅದರ ವಿಮಾನವನ್ನಾದರೂ ಮೇಜಿನ ಮೇಲೆ ಉಳಿಸಿಕೊಳ್ಳಬಹುದು. ನಿಜವಾದ ಸೀ ಹಾಕ್‌ನ ರೆಕ್ಕೆಯ ಹರವು 39 ಅಡಿ. 1:72ರಲ್ಲಿ ಅದು ಹದಿನಾರೂವರೆ ಸೆಂಟಿಮೀಟರ್, ಅಂದರೆ ಅಂಗೈಯಲ್ಲಿ ಹಿಡಿದು ಕೆಲಸ ಮಾಡುವಷ್ಟು.

ಪೆಟ್ಟಿಗೆ ತೆರೆದ ಕೂಡಲೇ ಬಿಡಿಭಾಗಗಳನ್ನು ಅವುಗಳ ಚೌಕಟ್ಟಿನ ಸಮೇತ ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರಿನಲ್ಲಿ ತೊಳೆದು ಒಣಗಿಸಿ, ಏಕೆಂದರೆ ಅಚ್ಚಿನಿಂದ ಬಿಡಿಸಲು ಬಳಸಿದ ಎಣ್ಣೆಯ ಪಸೆ ಉಳಿದಲ್ಲಿ ಬಣ್ಣ ಹಿಡಿಯುವುದಿಲ್ಲ. ಭಾಗಗಳನ್ನು ಕೈಯಿಂದ ತಿರುಚಿ ಕೀಳಬಾರದು. ನಿಪ್ಪರ್ ಎಂಬ ಸಣ್ಣ ಕತ್ತರಿಸುವ ಇಕ್ಕಳದಿಂದ ಮೊದಲು ಭಾಗದಿಂದ ದೂರದಲ್ಲಿ ಒಂದು ಸಲ, ಉಳಿದ ಮೊಳೆಯನ್ನು ಎರಡನೆಯ ಸಲ ಕತ್ತರಿಸಿ, ಕೊನೆಯ ಕೂದಲೆಳೆಯಷ್ಟನ್ನು ಉಜ್ಜುಕಾಗದದಿಂದ ತೆಗೆಯಬೇಕು. ಒಂದೇ ಏಟಿಗೆ ಬುಡಕ್ಕೆ ಕತ್ತರಿಸಿದರೆ ಪ್ಲಾಸ್ಟಿಕ್ ಒತ್ತಡಕ್ಕೆ ಸಿಕ್ಕಿ ಬೆಳ್ಳಗಾಗುತ್ತದೆ, ಕೆಲವೊಮ್ಮೆ ಭಾಗದೊಳಗಿನ ಚೂರೇ ಕಿತ್ತು ಬರುತ್ತದೆ.

ಅಂಟಿನ ವಿಷಯದಲ್ಲಿ ಹೊಸಬರು ಮಾಡುವ ತಪ್ಪೆಂದರೆ ಎಲ್ಲಕ್ಕೂ ಒಂದೇ ಅಂಟನ್ನು ಬಳಸುವುದು. ಕಿಟ್‌ಗಳಿಗೆಂದು ಬರುವ ನೀರಿನಂತಹ ತೆಳುವಾದ ಸಿಮೆಂಟ್ ನಿಜವಾಗಿ ಅಂಟಲ್ಲ, ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸುವ ದ್ರಾವಕ. ಎರಡು ಭಾಗಗಳನ್ನು ಮೊದಲು ಜೋಡಿಸಿ ಹಿಡಿದುಕೊಂಡು, ಸಿಮೆಂಟಿನಲ್ಲಿ ಅದ್ದಿದ ಕುಂಚದ ತುದಿಯನ್ನು ಕೂಡುಗೆರೆಗೆ ಸುಮ್ಮನೆ ಮುಟ್ಟಿಸಿದರೆ ಸಾಕು. ದ್ರವ ತಾನಾಗಿಯೇ ಗೆರೆಯುದ್ದಕ್ಕೂ ಓಡುತ್ತದೆ. ಹತ್ತು ಸೆಕೆಂಡು ಬಿಟ್ಟು ಎರಡೂ ಬದಿಯನ್ನು ಮೆಲ್ಲನೆ ಒತ್ತಿದಾಗ ಕರಗಿದ ಪ್ಲಾಸ್ಟಿಕ್ ಗೆರೆಯಿಂದ ಸಣ್ಣ ಮಣಿಯಂತೆ ಉಬ್ಬಿ ಬರುತ್ತದೆ. ಆ ಉಬ್ಬು ಕಂಡರೆ ಬೆಸುಗೆ ಸರಿಯಾಗಿದೆಯೆಂದು ಅರ್ಥ, ಅದನ್ನು ಒರೆಸಲು ಹೋಗಬೇಡಿ. ಎರಡು ದಿನ ಗಟ್ಟಿಯಾಗಲು ಬಿಟ್ಟು ಆಮೇಲೆ ಉಜ್ಜಿದರೆ ಗೆರೆಯೇ ಮಾಯವಾಗುತ್ತದೆ. ಲೋಹದ ಸಣ್ಣ ಭಾಗಗಳಿಗೆ ಫೆವಿಕ್ವಿಕ್‌ನಂತಹ ದಿಢೀರ್ ಅಂಟು ಬೇಕು. ಆದರೆ ಪೈಲಟ್ ಕೂರುವ ಜಾಗದ ಪಾರದರ್ಶಕ ಮುಚ್ಚಳಕ್ಕೆ ಇವೆರಡೂ ಸಲ್ಲವು: ಸಿಮೆಂಟ್ ಅದನ್ನು ಕರಗಿಸುತ್ತದೆ, ದಿಢೀರ್ ಅಂಟಿನ ಆವಿ ಅದರ ಮೇಲೆ ಬಿಳಿಯ ಪೊರೆಯಾಗಿ ಕೂರುತ್ತದೆ. ಅಲ್ಲಿಗೆ ಮನೆಯಲ್ಲಿರುವ ಫೆವಿಕಾಲ್ ಅತ್ಯುತ್ತಮ. ಒಣಗಿದ ಮೇಲೆ ಅದರ ಗುರುತು ಅಷ್ಟಾಗಿ ಕಾಣದು, ತಪ್ಪಾದರೆ ಹಸಿಯಿರುವಾಗ ಒದ್ದೆ ಬಟ್ಟೆಯಿಂದ ಒರೆಸಲೂಬಹುದು.

ಸೀ ಹಾಕ್ ಮೂಗಿನ ಕೆಳಗೆ ಒಂದು ಚಕ್ರ, ರೆಕ್ಕೆಗಳ ಕೆಳಗೆ ಎರಡು ಚಕ್ರಗಳಿರುವ ವಿಮಾನವಾದ್ದರಿಂದ, ಮೂಗಿನೊಳಗೆ ಭಾರ ತುಂಬದಿದ್ದರೆ ಮಾದರಿ ಬಾಲದ ಮೇಲೆ ಕುಳಿತುಬಿಡುತ್ತದೆ. ಮೀನು ಹಿಡಿಯುವ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳು ಈ ಊರಿನಲ್ಲಿ ಸುಲಭವಾಗಿ ಸಿಗುತ್ತವೆ, ಅವೇ ಸಾಕು. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಸೀಸವನ್ನು ಫೆವಿಕಾಲ್‌ನಂತಹ ಬಿಳಿ ಅಂಟಿನಿಂದ ಅಂಟಿಸಬಾರದು. ಆ ಅಂಟಿನಿಂದ ಹೊರಡುವ ಅಸಿಟಿಕ್ ಆಮ್ಲ ತೇವಾಂಶದ ಜೊತೆಗೂಡಿ ವರ್ಷಗಳಲ್ಲಿ ಸೀಸವನ್ನು ಬಿಳಿಯ ಪುಡಿಯಾಗಿ ತಿನ್ನುತ್ತದೆ, ಆ ಪುಡಿ ಉಬ್ಬುತ್ತ ಹೋಗಿ ಒಳಗಿನಿಂದಲೇ ಮೂಗನ್ನು ಸೀಳುತ್ತದೆ. ನನ್ನದೇ ಒಂದು ವಿಮಾನ ಆರನೆಯ ವರ್ಷ ಕಪಾಟಿನೊಳಗೆ ಹೀಗೆ ಬಿರಿಯಿತು. ಕೂಡುಗೆರೆ ಬಾಯಿಬಿಟ್ಟು ಅದರೊಳಗಿನಿಂದ ಸುಣ್ಣದಂತಹ ಪುಡಿ ಉದುರುತ್ತಿತ್ತು. ಅಂದಿನಿಂದ ನಾನು ಸೀಸದ ಗುಂಡುಗಳನ್ನು ಎಂ-ಸೀಲ್ ಮುದ್ದೆಯೊಳಗೆ ಪೂರ್ತಿಯಾಗಿ ಹುದುಗಿಸಿ ಕೂರಿಸುತ್ತೇನೆ. ಮುಟ್ಟಿದ ಮೇಲೆ ಕೈ ತೊಳೆಯುವುದನ್ನು ಮರೆಯಬೇಡಿ, ಸೀಸ ವಿಷ.

ಈ ವಿಮಾನದ ಗಾಳಿ ಒಳಹೋಗುವ ಬಾಯಿಗಳು ರೆಕ್ಕೆಯ ಬುಡದ ಮುಂಭಾಗದಲ್ಲೂ, ಹೊಗೆ ಹೊರಬರುವ ಬಾಯಿಗಳು ಅದೇ ಬುಡದ ಹಿಂಭಾಗದಲ್ಲಿ ಎರಡೂ ಬದಿಗೆ ಕವಲೊಡೆದೂ ಇವೆ. ನೆನೆ ಎಂಬ ಹೆಸರಿನ ಒಂದೇ ಎಂಜಿನ್ನಿನ ಹೊಗೆಯನ್ನು ಹೀಗೆ ಇಬ್ಭಾಗ ಮಾಡಿದ್ದು ಇದರ ವಿಶೇಷ. ಆದ್ದರಿಂದ ಈ ನಾಲ್ಕು ಬಾಯಿಗಳ ಒಳಗನ್ನು ಮುಂಚೆಯೇ ಉಜ್ಜಿ, ಕುಂಚದಿಂದ ಬಣ್ಣ ಹಚ್ಚಿದ ಮೇಲೆಯೇ ಒಡಲಿನ ಎರಡು ಹೋಳುಗಳನ್ನು ಮುಚ್ಚಬೇಕು, ಆಮೇಲೆ ಬೆರಳೂ ಹೋಗದು, ಕುಂಚವೂ ಹೋಗದು. ಕೂಡುಗೆರೆಯಲ್ಲಿ ಉಳಿದ ಸಂದುಗಳಿಗೆ ಪುಟ್ಟಿ ತುಂಬಿ, 400, 600, 1000 ನಂಬರಿನ ಉಜ್ಜುಕಾಗದಗಳಿಂದ ಇದೇ ಅನುಕ್ರಮದಲ್ಲಿ, ಯಾವಾಗಲೂ ನೀರು ಮುಟ್ಟಿಸಿ ಉಜ್ಜಿ. ಹಾಗೆ ಮಾಡಿದರೆ ಪುಡಿ ಗಾಳಿಗೆ ಏರುವುದಿಲ್ಲ, ಸಣ್ಣ ಮನೆಯಲ್ಲಿ ಮಕ್ಕಳ ಉಸಿರಿಗೆ ಹೋಗುವುದೂ ಇಲ್ಲ.

ಇಷ್ಟು ಮಾಡುವಷ್ಟರಲ್ಲಿ ಗಣೇಶ ಚೌತಿ ಕಳೆದು ನವರಾತ್ರಿ ಬರುತ್ತದೆ. ಮುಗಿದ ಒಡಲನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು ದೀಪಾವಳಿಯ ತನಕ ಕಾಯಿರಿ. ಡೆಕಾಲ್ ಹಾಳೆಯನ್ನಂತೂ ಪೆಟ್ಟಿಗೆ ತೆರೆದ ದಿನವೇ ಜಿಪ್ ಲಾಕ್ ಚೀಲಕ್ಕೆ ಹಾಕಿರಬೇಕು.

ಕಾಯಬೇಕೆಂದು ಇಷ್ಟು ಬಲವಾಗಿ ಹೇಳುವುದಕ್ಕೆ ಕಾರಣವಿದೆ. ಒಮ್ಮೆ ಆಗಸ್ಟ್ ತಿಂಗಳ ಒಂದು ಭಾನುವಾರ, ಮಳೆ ಸ್ವಲ್ಪ ಬಿಡುವು ಕೊಟ್ಟಿತೆಂದು, ನಾನು ಲ್ಯಾಕರ್ ಬಣ್ಣ ಸಿಂಪಡಿಸಿದೆ. ಹೊಳೆಯುತ್ತಿದ್ದ ಕಡುಬೂದು ಬಣ್ಣದ ಮೇಲೆ ನೋಡನೋಡುತ್ತಿದ್ದಂತೆಯೇ ಹಾಲಿನ ಕೆನೆಯಂತಹ ಮಂಜು ಕವಿಯಿತು. ಲ್ಯಾಕರ್ ಥಿನ್ನರ್ ಬೇಗನೆ ಆವಿಯಾಗುವಾಗ ಮೇಲ್ಮೈಯ ಶಾಖವನ್ನು ಕೊಂಡೊಯ್ಯುತ್ತದೆ, ತಣ್ಣಗಾದ ಬಣ್ಣದ ಮೇಲೆ ಗಾಳಿಯ ತೇವ ಸಾಂದ್ರವಾಗಿ ನೀರಾಗಿ ಕೂರುತ್ತದೆ, ಆ ನೀರು ಪದರದೊಳಗೆ ಸಿಕ್ಕಿಕೊಂಡು ಬಿಳಿಚುತ್ತದೆ. ನಿಧಾನವಾಗಿ ಆವಿಯಾಗುವ ರಿಟಾರ್ಡರ್ ಬೆರೆಸಿದ ಥಿನ್ನರನ್ನು ಒಣ ದಿನವೊಂದರಲ್ಲಿ ಅದರ ಮೇಲೆ ತೆಳುವಾಗಿ ಸಿಂಪಡಿಸಿದರೆ ಪದರ ಮತ್ತೆ ಸಡಿಲಗೊಂಡು ಮಂಜು ಹೋಗುವುದುಂಟು. ಆದರೂ ತೇವಾಂಶ ಮಾಪಕವೊಂದನ್ನು ಕೊಂಡು, ಅದು 60 ಶೇಕಡಕ್ಕಿಂತ ಕೆಳಗಿಳಿದ ದಿನವೇ ಬಣ್ಣಕ್ಕೆ ಕೈಹಾಕುವುದು ಲೇಸು.

ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇದ್ದರೆ ಕಂಪ್ರೆಸರ್‌ಗೆ ನೀರು ಹಿಡಿಯುವ ಬಟ್ಟಲು ಜೋಡಿಸಿಯೇ ಇರಬೇಕು. ಇಲ್ಲವಾದರೆ ಕೊಳವೆಯೊಳಗೆ ಸೇರಿದ ನೀರು ರೆಕ್ಕೆಯ ಮಧ್ಯದಲ್ಲಿ ಹನಿಯಾಗಿ ಉಗುಳಲ್ಪಡುತ್ತದೆ. 0.3 ಮಿಲಿಮೀಟರ್ ಸೂಜಿ, 15ರಿಂದ 20 ಪಿಎಸ್‌ಐ ಒತ್ತಡ, ಹಾಲಿನಷ್ಟು ತೆಳುಮಾಡಿದ ಬಣ್ಣ, ಒಂದು ಗೇಣಿಗಿಂತ ಕಡಿಮೆ ದೂರ, ಇವು ಆರಂಭಕ್ಕೆ ಸರಿಯಾದ ಅಳತೆಗಳು. ಬಟ್ಟೆಯ ಮಾಸ್ಕ್ ದ್ರಾವಕದ ಆವಿಯನ್ನು ತಡೆಯುವುದಿಲ್ಲ, ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು, ಕಿಟಕಿ ತೆರೆದಿರಬೇಕು, ಅಡುಗೆಮನೆಯಲ್ಲಿ ಗ್ಯಾಸ್ ಉರಿಯುತ್ತಿರಬಾರದು. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಅಗ್ಗವೆಂದು ಅದನ್ನು ಬರಿಯ ಪ್ಲಾಸ್ಟಿಕ್ ಮೇಲೆ ಪ್ರಯೋಗಿಸಬೇಡಿ, ಅದು ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಉಪಕರಣ ತೊಳೆಯಲು ಮಾತ್ರ ಇಟ್ಟುಕೊಳ್ಳಿ.

ಮೊದಲು ಮುಚ್ಚಳದ ಗಾಜಿನ ಭಾಗಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ, ಬೂದು ಪ್ರೈಮರ್ ಸಿಂಪಡಿಸಿ ದೋಷಗಳನ್ನು ಹುಡುಕಿ ಸರಿಪಡಿಸಿ. ನಂತರ ಕೆಳಭಾಗಕ್ಕೆ ಸ್ಕೈ ಎಂದು ಕರೆಯುವ ಹಸಿರು ಛಾಯೆಯ ತಿಳಿಬಣ್ಣ, ಅದು ಒಣಗಿದ ಮೇಲೆ ಮೇಲ್ಭಾಗಕ್ಕೆ ಎಕ್ಸ್‌ಟ್ರಾ ಡಾರ್ಕ್ ಸೀ ಗ್ರೇ. ಸಣ್ಣ ಮಾದರಿಯಲ್ಲಿ ಕಡುಬಣ್ಣ ಇನ್ನೂ ಕಡುವಾಗಿ ಕಾಣುವುದರಿಂದ ಬೂದಿಗೆ ನಾಲ್ಕೈದು ಹನಿ ಬಿಳಿ ಬೆರೆಸುವುದು ನನ್ನ ಪದ್ಧತಿ. ಗೋವೆಗೆ ಹೋಗುವ ಅವಕಾಶ ಸಿಕ್ಕರೆ ದಾಬೋಳಿ ವಿಮಾನ ನಿಲ್ದಾಣದ ಹತ್ತಿರ ಬೋಗ್ಮಾಲೋದಲ್ಲಿರುವ, 1998ರಲ್ಲಿ ತೆರೆದ ನೌಕಾ ವಾಯುಯಾನ ವಸ್ತುಸಂಗ್ರಹಾಲಯದಲ್ಲಿ ನಿಜವಾದ ಸೀ ಹಾಕನ್ನು ಸುತ್ತಿ ನೋಡಿ. ಚಕ್ರದ ಕಾಲುಗಳು, ಬಾಲದ ಕೊಕ್ಕೆ, ರೆಕ್ಕೆ ಮಡಚುವ ಸಂಧಿ ಇವುಗಳ ಚಿತ್ರ ತೆಗೆದುಕೊಳ್ಳಿ, ಆದರೆ ಬಣ್ಣಕ್ಕೆ ಅದನ್ನು ಪ್ರಮಾಣವಾಗಿ ಹಿಡಿಯಬೇಡಿ, ಬಯಲಿನಲ್ಲಿ ನಿಂತ ವಿಮಾನಗಳಿಗೆ ಮತ್ತೆ ಮತ್ತೆ ಬಣ್ಣ ಬಳಿಯುತ್ತಾರೆ.

ಡೆಕಾಲ್ ಅಂಟಿಸುವ ಮೊದಲು ಹೊಳಪಿನ ವಾರ್ನಿಷ್ ಕಡ್ಡಾಯ. ಒರಟು ಮೇಲ್ಮೈಯ ಸಣ್ಣ ಗುಂಡಿಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಡೆಕಾಲ್‌ನ ಅಂಚು ಬೆಳ್ಳಿಯಂತೆ ಮಿನುಗಿ, ಚೀಟಿ ಅಂಟಿಸಿದಂತೆ ಕಾಣುತ್ತದೆ. ಕತ್ತರಿಸಿದ ಚಿಹ್ನೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ಸೆಕೆಂಡು ಮುಳುಗಿಸಿ, ತೆಗೆದು, ಒದ್ದೆ ಟಿಶ್ಯೂ ಮೇಲೆ ಒಂದು ನಿಮಿಷ ಇಡಿ. ಬೆರಳಿನಿಂದ ಮೆಲ್ಲನೆ ತಳ್ಳಿದಾಗ ಅದು ಕಾಗದದ ಮೇಲೆ ಜಾರತೊಡಗಿದರೆ ಸಿದ್ಧವಾಗಿದೆ. ವಿಮಾನದ ಮೇಲೆ ಒಂದು ಹನಿ ನೀರು ಬಿಟ್ಟು, ಕಾಗದವನ್ನು ಪಕ್ಕದಲ್ಲಿಟ್ಟು, ಕುಂಚದಿಂದ ಚಿಹ್ನೆಯನ್ನು ಅತ್ತ ಜಾರಿಸಿ, ನಡುವಿನಿಂದ ಅಂಚಿನ ಕಡೆಗೆ ನೀರನ್ನು ಒತ್ತಿ ತೆಗೆಯಿರಿ. ಮೃದುಗೊಳಿಸುವ ದ್ರಾವಣ ಹಚ್ಚಿದಾಗ ಡೆಕಾಲ್ ಮುದುಡಿ ಸುಕ್ಕಾಗುತ್ತದೆ. ಆಗ ಗಾಬರಿಯಿಂದ ಮುಟ್ಟಿದರೆ ಹರಿಯುವುದು ಖಂಡಿತ, ಬಿಟ್ಟರೆ ಒಣಗುತ್ತ ತಾನೇ ಚಪ್ಪಟೆಯಾಗಿ ಗೆರೆಗಳೊಳಗೆ ಕೂರುತ್ತದೆ. ನಮ್ಮ ವಿಮಾನಗಳ ದುಂಡನೆಯ ರಾಷ್ಟ್ರಚಿಹ್ನೆಯಲ್ಲಿ ಕೇಸರಿ ಹೊರಗೆ, ಹಸಿರು ಒಳಗೆ ಎಂಬುದನ್ನು ಹಾಳೆಯಲ್ಲಿ ಪರೀಕ್ಷಿಸಿಕೊಳ್ಳಿ.

ಡೆಕಾಲ್ ಮೇಲೆ ಮತ್ತೊಂದು ಹೊಳಪಿನ ಪದರ ಕೊಟ್ಟು, ಕಪ್ಪುಕಂದು ಎಣ್ಣೆಬಣ್ಣವನ್ನು ವೈಟ್ ಸ್ಪಿರಿಟ್‌ನಲ್ಲಿ ಚಹಾದಷ್ಟು ತೆಳುಮಾಡಿ ತಗಡಿನ ಜೋಡಣೆಯ ಗೆರೆಗಳಿಗೆ ಹರಿಸಿ, ಹೆಚ್ಚಾದದ್ದನ್ನು ಗಾಳಿ ಹರಿಯುವ ದಿಕ್ಕಿನಲ್ಲೇ, ಮುಂದಿನಿಂದ ಹಿಂದಕ್ಕೆ ಒರೆಸಿ. ನನ್ನ ಮೊದಲ ಸೀ ಹಾಕನ್ನು ಇಲ್ಲಿಗೇ ನಿಲ್ಲಿಸಿ, ಮಿರಮಿರನೆ ಹೊಳೆಯುವಂತೆಯೇ ತೋರಿಸಿದಾಗ, ಹಡಗುಕಟ್ಟೆಯಲ್ಲಿ ದುಡಿದು ನಿವೃತ್ತರಾದ ಉಡುಪಿ ಕಡೆಯ ನೆರೆಯ ಹಿರಿಯರು ಕನ್ನಡಕ ಸರಿಮಾಡಿಕೊಂಡು, "ಚಂದ ಉಂಟು ಮಾರಾಯ್ರೆ, ಆದ್ರೆ ಉಪ್ಪು ಗಾಳಿಗೆ ನಿಂತ ವಿಮಾನ ಇಷ್ಟು ಹೊಳೀಲಿಕ್ಕುಂಟಾ?" ಎಂದು ಕೇಳಿದರು. ಮರುದಿನವೇ ಅರೆಮಂಕು ವಾರ್ನಿಷ್ ಸಿಂಪಡಿಸಿದೆ. ಆ ಪದರವನ್ನೂ ಒಣ ದಿನವೇ, ಒಂದೇ ಸಲ ದಪ್ಪವಾಗಿ ಅಲ್ಲ, ಎರಡು ತೆಳು ಸುತ್ತಿನಲ್ಲಿ ಕೊಡಬೇಕು.

ಕೊನೆಗೆ ಉಳಿಯುವುದು ಮುಚ್ಚಳದ ಟೇಪ್. ಇದನ್ನು ವಾರಗಟ್ಟಲೆ ಬಿಟ್ಟರೆ ಇಲ್ಲಿನ ಸೆಕೆಗೆ ಅದರ ಗೋಂದು ಗಾಜಿಗೇ ಹತ್ತಿಕೊಳ್ಳುತ್ತದೆ, ಆದ್ದರಿಂದ ವಾರ್ನಿಷ್ ಒಣಗಿದ ಮರುದಿನವೇ ತೆಗೆಯಿರಿ. ಬ್ಲೇಡಿನ ತುದಿಯನ್ನು ಟೇಪಿನ ಅಂಚಿನ ಸುತ್ತ ಹಗುರವಾಗಿ ಓಡಿಸಿ ಬಣ್ಣದ ಪದರವನ್ನು ಬೇರ್ಪಡಿಸಿದ ಮೇಲೆ, ಮೂಲೆಯೊಂದನ್ನು ಎತ್ತಿ, ಮೇಲಕ್ಕೆ ಎಳೆಯದೆ ಹಿಂದಕ್ಕೆ ಮಡಚಿಕೊಳ್ಳುತ್ತ ಬಿಡಿಸುತ್ತ ಬನ್ನಿ.