ಹಲವು ಶತಮಾನಗಳು ಸೇರಿ ಕಟ್ಟಿದ ಮನೆಯನ್ನು ಓದುವ ಬಗೆ

ಮಕ್ಕಳು ಇಂಗ್ಲೆಂಡಿನಲ್ಲಿ ನೆಲೆಸಿದ್ದಾರೆಂದು ಬೇಸಿಗೆಯಲ್ಲಿ ಅಲ್ಲಿಗೆ ಹೋಗಿಬರುವ ಹಿರಿಯರು ಬೆಂಗಳೂರಿನಲ್ಲಿ ಈಗ ಬಹಳ ಮಂದಿ ಇದ್ದಾರೆ. ಶನಿವಾರ ಭಾನುವಾರ ಬಂತೆಂದರೆ ಮಕ್ಕಳು ಅವರನ್ನು ಹಳ್ಳಿಗಾಡಿನ ಯಾವುದಾದರೊಂದು ಸಿರಿವಂತ ಮನೆತನದ ಬಂಗಲೆಗೆ ಕರೆದೊಯ್ಯುತ್ತಾರೆ. ಹೋದವರು ತೈಲಚಿತ್ರಗಳನ್ನೂ ಬೆಳ್ಳಿ ಪಾತ್ರೆಗಳನ್ನೂ ನೋಡಿ, ತೋಟದಲ್ಲಿ ಓಡಾಡಿ, ಟೀ ಕುಡಿದು ಮರಳುತ್ತಾರೆ. ಮನೆಯೊಂದನ್ನು ಮಾತ್ರ ನೋಡಿರುವುದಿಲ್ಲ. ಆ ಮನೆಯ ಗೋಡೆಗಳನ್ನು ಹೇಗೆ ಓದಬೇಕೆಂಬುದನ್ನು ಇಲ್ಲಿ ಹೇಳಲಿದ್ದೇನೆ.

ಅಭ್ಯಾಸವನ್ನು ಇಲ್ಲಿಂದಲೇ ಆರಂಭಿಸಬಹುದು. ಚಾಮರಾಜಪೇಟೆಯ ನಮ್ಮ ಸೋದರತ್ತೆಯ ಮನೆಯಲ್ಲಿ ಮುಂದಿನ ಹಜಾರದ ಗೋಡೆ ಒಂದೂವರೆ ಅಡಿ ದಪ್ಪ, ಸುಣ್ಣದ ಗಾರೆಯದು. ಹಿಂದಿನ ಅಡುಗೆಮನೆಯ ಗೋಡೆ ಒಂಬತ್ತಂಗುಲ, ಸಿಮೆಂಟಿನದು. ಎರಡರ ನಡುವೆ, ಎಡವಿದವರಿಗೆ ಮಾತ್ರ ತಿಳಿಯುವಂಥ ಅರ್ಧ ಮೆಟ್ಟಿಲಿದೆ. ಊಟದ ಮನೆಯಲ್ಲಿ ಅತ್ತೆ ಉಪ್ಪಿನಕಾಯಿ ಜಾಡಿ ಇಡುವ ಗೂಡು ಒಂದು ಕಾಲದ ಕಿಟಕಿ. ಹಿತ್ತಿಲಿಗೆ ತೆರೆದುಕೊಳ್ಳುತ್ತಿದ್ದ ಅದನ್ನು ಮನೆ ಹಿಂದಕ್ಕೆ ಬೆಳೆದಾಗ ಮುಚ್ಚಿದ್ದಾರೆ. ಗೋಡೆಯ ದಪ್ಪ, ನೆಲದ ಮಟ್ಟ, ಕೆಲಸ ಕಳೆದುಕೊಂಡ ಕಿಟಕಿ, ಈ ಮೂರು ಸುಳಿವುಗಳನ್ನು ಹಿಡಿಯಬಲ್ಲವರು ಇಂಗ್ಲೆಂಡಿನ ಎಷ್ಟೇ ದೊಡ್ಡ ಬಂಗಲೆಯಲ್ಲಿಯೂ ದಾರಿ ತಪ್ಪುವುದಿಲ್ಲ.

ಶೈಲಿಯನ್ನು ನೋಡಿ ವಯಸ್ಸು ಹೇಳುವ ಆತುರವನ್ನು ಮೊದಲು ಬಿಡಬೇಕು. ನಮ್ಮ ಬೆಂಗಳೂರು ಅರಮನೆಯ ಗೋಪುರಗಳನ್ನೂ ಕೋಟೆಯಂಥ ತಲೆಗೋಡೆಯನ್ನೂ ಕಂಡವರಿಗೆ ಅದು 16ನೇ ಶತಮಾನದಲ್ಲಿ ಇಂಗ್ಲೆಂಡನ್ನು ಆಳಿದ ಟ್ಯೂಡರ್ ದೊರೆಗಳ ಕಾಲದ್ದೆಂದೇ ಅನಿಸೀತು. ಆದರೆ ಅದು 19ನೇ ಶತಮಾನದ ಕಟ್ಟಡ, ಎಳೆಯ ಚಾಮರಾಜೇಂದ್ರ ಒಡೆಯರಿಗಾಗಿ ಅದನ್ನು ಕೊಂಡದ್ದು 1873ರಲ್ಲಿ. ಇಂಗ್ಲೆಂಡಿನ ಜಮೀನ್ದಾರರೂ ತಮ್ಮ ವಂಶ ಪುರಾತನವೆಂದು ತೋರಿಸಿಕೊಳ್ಳಲು ಹೊಸ ಗೋಡೆಗೆ ಹಳೆಯ ವೇಷ ತೊಡಿಸಿದ್ದುಂಟು.

ಬಂಗಲೆಯನ್ನು ತಲುಪಿದ ಮೇಲೆ ಒಳಗೆ ಹೋಗದೆ ಹೊರಗಿನಿಂದ ಒಂದು ಸುತ್ತು ಬನ್ನಿ. ಪ್ರದಕ್ಷಿಣೆಯ ಅಭ್ಯಾಸವಿರುವ ನಮಗೆ ಇದು ಹೊಸದಲ್ಲ. ಕೈಗೆ ಹಣ ಬಂದಾಗಲೆಲ್ಲ ಮನೆಯವರು ಮೊದಲು ಬದಲಿಸುವುದು ಮುಂಭಾಗವನ್ನು. ಅಡುಗೆಮನೆ, ಲಾಯ, ಹಿತ್ತಿಲ ಗೋಡೆಗಳ ಮೇಲೆ ಯಾರೂ ಅಷ್ಟಾಗಿ ದುಡ್ಡು ಸುರಿಯದ ಕಾರಣ ಹಳೆಯದು ಉಳಿದಿರುವುದು ಹೆಚ್ಚಾಗಿ ಅಲ್ಲಿಯೇ. ಗೋಡೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ದಾರ ಹಿಡಿದಂತೆ ಒಂದು ನೇರ ಸಂದು ಕಂಡರೆ, ಎರಡು ಕಡೆಯ ಇಟ್ಟಿಗೆ ವರಸೆಗಳು ಒಂದರೊಳಗೊಂದು ಹೆಣೆದುಕೊಂಡಿಲ್ಲವೆಂದು, ಅಂದರೆ ಒಂದು ಭಾಗ ನಿಂತಾದ ಮೇಲೆ ಇನ್ನೊಂದನ್ನು ತಂದು ಸೇರಿಸಿದ್ದಾರೆಂದು ತಿಳಿಯಿರಿ. ಮಳೆನೀರಿನ ಸೀಸದ ಕೊಳವೆಗಳ ಮೇಲೆ ಇಸವಿ ಇದ್ದರೆ ಬರೆದುಕೊಳ್ಳಿ, ಆದರೆ ಅದು ಆ ಕೊಳವೆ ಕೂರಿಸಿದ ವರ್ಷವಷ್ಟೇ ಆಗಿರಬಹುದು.

ಕಿಟಕಿಗಳಿಗೆ ಹೆಚ್ಚು ಹೊತ್ತು ಕೊಡಿ. ಕಲ್ಲಿನ ಕಂಬಿಗಳ ನಡುವೆ, ಸೀಸದ ಪಟ್ಟಿಯಲ್ಲಿ ಕೂರಿಸಿದ ಚಿಕ್ಕ ಚಿಕ್ಕ ಗಾಜುಗಳು 16ನೇ ಶತಮಾನದ ರೂಢಿ. ಮೇಲೆ ಕೆಳಗೆ ಜಾರುವ ಮರದ ಕಿಟಕಿ ಬಳಕೆಗೆ ಬಂದದ್ದು 17ನೇ ಶತಮಾನದ ಕೊನೆಯಲ್ಲಿ. ಅದರ ಮರದ ಪಟ್ಟಿಗಳು ಮೊದಮೊದಲು ದಪ್ಪಗಿದ್ದು, ಮುಂದಿನ ನೂರು ವರ್ಷಗಳಲ್ಲಿ ತೆಳುವಾಗುತ್ತ ಬಂದವು. ಒಂದೇ ಗೋಡೆಯಲ್ಲಿ ಎರಡು ಬಗೆಯವಿದ್ದರೆ ಅಲ್ಲಿ ಎರಡು ಕೈಗಳು ಕೆಲಸ ಮಾಡಿವೆಯೇ ಎಂದು ಹುಡುಕಿ. ಇಟ್ಟಿಗೆಯಿಂದ ಮುಚ್ಚಿದ ಕಿಟಕಿಯನ್ನು ತೋರಿಸಿ ಇದು ತೆರಿಗೆ ತಪ್ಪಿಸಿಕೊಳ್ಳಲು ಮುಚ್ಚಿದ್ದೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕಿಟಕಿಗಳ ಲೆಕ್ಕದ ಮೇಲಿನ ತೆರಿಗೆ 1696ರಿಂದ 1851ರವರೆಗೆ ಇದ್ದದ್ದು ನಿಜ. ಆದರೂ ಎಡಬಲ ಸಮವಾಗಿ ಕಾಣಲೆಂದು ಮೊದಲೇ ಕುರುಡಾಗಿ ಕಟ್ಟಿದ ಕಿಟಕಿಗಳು ಬೇಕಾದಷ್ಟಿವೆ. ಮುಚ್ಚಿದ ಇಟ್ಟಿಗೆಗಳು ಪಕ್ಕದ ವರಸೆಗಳೊಂದಿಗೆ ಹೆಣೆದುಕೊಂಡಿದ್ದರೆ ಆ ಕಿಟಕಿ ಎಂದೂ ತೆರೆದಿರಲಿಲ್ಲವೆಂದು ಧೈರ್ಯವಾಗಿ ಹೇಳಬಹುದು.

ನಾನು ಸ್ವತಃ ಮೋಸಹೋದದ್ದು ವಿಲ್ಟ್‌ಶೈರ್ ಪ್ರಾಂತ್ಯದ ಲೇಕಾಕ್ ಅಬಿಯಲ್ಲಿ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ನನಗಂತೂ ಗೊತ್ತಿಲ್ಲ. ಸಾಲ್ಸ್‌ಬರಿಯ ಕೌಂಟೆಸ್ ಈಲಾ 1232ರಲ್ಲಿ ಅಲ್ಲಿ ಸನ್ಯಾಸಿನಿಯರ ಮಠವನ್ನು ಸ್ಥಾಪಿಸಿದಳು. ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ, 1539ರಲ್ಲಿ, ಮಠ ಮುಚ್ಚಿತು. ಬಳಿಕ ಅದನ್ನು ಕೊಂಡ ವಿಲಿಯಂ ಶಾರಿಂಗ್ಟನ್ ಚರ್ಚನ್ನು ಕೆಡವಿ, ಕಲ್ಲಿನ ಕಮಾನುಗಳ ಪ್ರಾಕಾರವನ್ನು ಕೆಳಗೆ ಹಾಗೆಯೇ ಉಳಿಸಿಕೊಂಡು, ಮೇಲಂತಸ್ತಿನಲ್ಲಿ ವಾಸದ ಕೋಣೆಗಳನ್ನು ಮಾಡಿದ, ಒಂದು ಮೂಲೆಯಲ್ಲಿ ಎಂಟು ಮುಖದ ಗೋಪುರವನ್ನೂ ಎಬ್ಬಿಸಿದ. ಇಷ್ಟನ್ನು ಓದಿಕೊಂಡೇ ಹೋಗಿದ್ದ ನಾನು ಚೂಪು ಕಮಾನಿನ ದೊಡ್ಡ ಹಜಾರಕ್ಕೆ ಕಾಲಿಟ್ಟೊಡನೆ ಇದು ಮಠದ ಕಾಲದ್ದೆಂದು ಮೊಮ್ಮಗನಿಗೆ ಗಂಭೀರವಾಗಿ ವಿವರಿಸಿದೆ. ಆದರೆ ಅದು 1750ರ ದಶಕದಲ್ಲಿ ವಾಸ್ತುಶಿಲ್ಪಿ ಸ್ಯಾಂಡರ್ಸನ್ ಮಿಲ್ಲರ್ ಮಧ್ಯಯುಗದ ಗಾಥಿಕ್ ಮಾದರಿಯನ್ನು ಅನುಸರಿಸಿ ರೂಪಿಸಿದ ಹಜಾರವಾಗಿತ್ತು. ಬಾಗಿಲನ್ನು ಗಮನಿಸಿದ್ದರೆ ನನಗೆ ಆಗಲೇ ಅನುಮಾನ ಬರಬೇಕಿತ್ತು: ಮಧ್ಯಯುಗದ ಹಜಾರಗಳಿಗೆ ಸಾಮಾನ್ಯವಾಗಿ ಒಂದು ತುದಿಯಿಂದ ಪ್ರವೇಶ, ಇಲ್ಲಿ ಬಾಗಿಲು ಮುಂಭಾಗದ ನಟ್ಟನಡುವೆ ಇದೆ, ಅದರ ಎಡಬಲಗಳು ತಕ್ಕಡಿಯಲ್ಲಿ ತೂಗಿದಂತೆ ಸಮವಾಗಿವೆ.

ಒಳಗೆ ನಡೆಯುವಾಗ ಫಲಕಗಳನ್ನು ಕೊನೆಗೆ ಓದುವುದೇ ಒಳ್ಳೆಯದು. ಪ್ರತಿ ಬಾಗಿಲು ದಾಟುವಾಗಲೂ ಗೋಡೆಯ ದಪ್ಪವನ್ನು ಗೇಣಿನಿಂದ ಅಳೆದು, ಗೀಚುನಕ್ಷೆಯಲ್ಲಿ ಗುರುತು ಹಾಕಿ. ಮನೆಯ ನಡುವೆ ಮೂರಡಿ ದಪ್ಪದ ಗೋಡೆ ಎದುರಾದರೆ ಅದು ಹಿಂದೊಮ್ಮೆ ಹೊರಗೋಡೆ ಆಗಿದ್ದಿರಬಹುದು. ಮನೆಗೆ ಬಂದ ಮೇಲೆ ಇಂಗ್ಲೆಂಡಿನ ಸಂರಕ್ಷಿತ ಕಟ್ಟಡಗಳ ಅಧಿಕೃತ ಪಟ್ಟಿಯಲ್ಲಿ ಆ ಮನೆಯ ವಿವರಣೆಯನ್ನು ತೆರೆದು ನಿಮ್ಮ ನಕ್ಷೆಯೊಂದಿಗೆ ಹೋಲಿಸಬಹುದು. ಅದು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ.

ಲೇಕಾಕಿಗೆ ಹೋಗುವವರು ದಕ್ಷಿಣದ ಗ್ಯಾಲರಿಯನ್ನು ಬಿಡಬಾರದು. ಅಲ್ಲಿನ ಹೊರಗೋಡೆ ಹಿಂದೆ ಕೆಡವಿದ ಚರ್ಚಿನ ಉತ್ತರದ ಗೋಡೆ. ಅದರಲ್ಲಿ ಹೊರಕ್ಕೆ ಚಾಚಿದ ಮೂರು ಕಿಟಕಿಗಳನ್ನು ಇಡಿಸಿದವರು 1820ರ ದಶಕದ ಕೊನೆಯಲ್ಲಿ ಮನೆಯನ್ನು ಮಾರ್ಪಡಿಸಿದ, ಛಾಯಾಗ್ರಹಣದ ಆದ್ಯರಲ್ಲೊಬ್ಬರಾದ ಹೆನ್ರಿ ಫಾಕ್ಸ್ ಟಾಲ್ಬಾಟ್. 1835ರ ಆಗಸ್ಟಿನಲ್ಲಿ ಅವರು ನಡುವಿನ ಕಿಟಕಿಯ ಚಿತ್ರವನ್ನು ಅಂಚೆಚೀಟಿಯಷ್ಟಗಲದ ಕಾಗದದ ಮೇಲೆ ಹಿಡಿದರು. ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಫೋಟೊ ನೆಗೆಟಿವ್ ಅದೇ. ಭೂತಗನ್ನಡಿ ಹಿಡಿದರೆ ಸುಮಾರು 200 ಗಾಜಿನ ಚೌಕಗಳನ್ನು ಎಣಿಸಬಹುದಿತ್ತೆಂದು ಟಾಲ್ಬಾಟ್ ಬರೆದಿಟ್ಟಿದ್ದಾರೆ. ಆ ಚಿತ್ರವನ್ನು ಫೋನಿನಲ್ಲಿ ತೆರೆದುಕೊಂಡು ಕಿಟಕಿಯ ಮುಂದೆ ನಿಂತು, ಗಾಜಿನಿಂದ ಕಣ್ಣು ಸರಿಸಿ, ಅದನ್ನು ಹೊತ್ತ ಗೋಡೆಯನ್ನು ನೋಡಿ. ಚಿತ್ರ ತೆಗೆದ ದಿನ ಕಿಟಕಿಗೆ ಹತ್ತು ವರ್ಷವೂ ತುಂಬಿರಲಿಲ್ಲ, ಗೋಡೆ ಮಠದ ಕಾಲದ್ದು.