ಪರೀಕ್ಷೆಯೆಂದು ಆಟ ಬಿಡಿಸಬೇಡಿ

ದ್ವಿತೀಯ ಪಿಯುಸಿ ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಪರೀಕ್ಷೆ ಹತ್ತಿರ ಬಂದಾಗ ನಾವು ಮೊದಲು ನಿಲ್ಲಿಸುವುದೇ ಆಟವನ್ನು. ಹೋದ ವರ್ಷ ನಾನೂ ಮಗಳ ಷಟಲ್ ಬ್ಯಾಟನ್ನು ಅಟ್ಟಕ್ಕೇರಿಸಿದ್ದೆ. ಅದು ತಪ್ಪಾಯಿತು. ಸಂಜೆ ಆರಕ್ಕೆ ಕುಳಿತವಳು ಏಳಾದರೂ ಅದೇ ಪುಟ ನೋಡುತ್ತಿದ್ದಳು. ಕತ್ತು, ಭುಜವೆಲ್ಲ ಬಿಗಿದಿರುತ್ತಿತ್ತು.

ಬ್ಯಾಟು ಕೆಳಗಿಳಿಯಿತು. ಆಡಲು ಜೊತೆ ಸಿಗದ ದಿನ ತಾರಸಿಯ ಮೇಲೆ ಸ್ಕಿಪ್ಪಿಂಗ್, ಇಲ್ಲವೇ ನನ್ನೊಡನೆ ಬಿರುಸಿನ ನಡಿಗೆ. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು. ಅದೇ ಸರಿಯಾದ ವೇಗ. ಮೊಬೈಲ್ ಮನೆಯಲ್ಲೇ ಇರಲಿ. ಇಪ್ಪತ್ತು ನಿಮಿಷವಾದ ಮೇಲೆ ಮುಖ ತೊಳೆದು, ನೀರು ಕುಡಿದು, ಬೆವರು ಆರಿದ ಕೂಡಲೇ ಕಷ್ಟದ ವಿಷಯವನ್ನೇ ಕೈಗೆತ್ತಿಕೊಳ್ಳಲಿ. ಮನಸ್ಸು ತಿಳಿಯಾಗಿರುವ ಆ ಹೊತ್ತು ನೋಟ್ಸ್ ನಕಲು ಮಾಡುವುದರಲ್ಲಿ ಕಳೆಯಬಾರದು. ನನ್ನ ಮಗಳು ಭೌತಶಾಸ್ತ್ರದ ಲೆಕ್ಕಗಳನ್ನು ಆಗಲೇ ಬಿಡಿಸುತ್ತಿದ್ದಳು.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಉಬ್ಬಸವಿರುವ ಮಕ್ಕಳಾದರೆ ವೈದ್ಯರನ್ನು ಕೇಳಿಕೊಳ್ಳಿ. ಮಲಗುವ ಹೊತ್ತಿಗೆ ಮಾತ್ರ ಜೋರಾದ ವ್ಯಾಯಾಮ ಬೇಡ, ನಿದ್ದೆ ಕೆಡಬಹುದು.